ಟಿಕ್ ಅಳಿಸಲೊಪ್ಪದ ಬಟನ್ ಅಕ್ಕ

ಬೆಳಿಗ್ಗೆ ಐದೂವರೆ. ಲಿಫ್ಟು ಇನ್ನೂ ಶುರುವಾಗಿಲ್ಲ. ನಾಲ್ಕು ಮಹಡಿ ಹತ್ತಿ ಬಂದ ಹೆಂಗಸೊಬ್ಬರು ಏದುಸಿರಲ್ಲೇ ಕಂಪ್ಯೂಟರ್ ಹಾಕಿ, ಮೊದಲು ಪರದೆಯ ಬಣ್ಣವನ್ನೆಲ್ಲ ತೆಗೆದುಬಿಡುತ್ತಾರೆ. ಕೆಂಪು, ಹಸಿರು, ಹಳದಿ ಎಲ್ಲ ಬೂದು. ಆಮೇಲೆ ಪುಟ ತಿರುವುತ್ತ ಒಂದೊಂದೇ ಬಟನ್ ಒತ್ತಿ ನೋಡುತ್ತಾರೆ. "ಬಣ್ಣ ಇಲ್ದೇನೂ ಅರ್ಥ ಆಗ್ಬೇಕು. ಆಗ್ಲಿಲ್ಲ ಅಂದ್ರೆ ಅದು ಪಾಠಾನೇ ಅಲ್ಲ," ಎನ್ನುತ್ತಾರೆ, ನನ್ನ ಕಡೆ ತಿರುಗದೆ.

ಆಫೀಸಿನಲ್ಲಿ ಇವರಿಗೆ ಬಟನ್ ಅಕ್ಕ ಎಂದೇ ಹೆಸರು. ಕಾರ್ಖಾನೆಯ ಕೆಲಸಗಾರರು ಕಂಪ್ಯೂಟರಿನ ಮುಂದೆ ಕೂತು ಕಲಿಯುವ ಸುರಕ್ಷತೆಯ ಪಾಠಗಳನ್ನು ಕಟ್ಟುವವರು. ಯಂತ್ರದಲ್ಲಿ ಕೈ ಎಲ್ಲಿಡಬಾರದು, ಯಾವಾಗ ನಿಲ್ಲಿಸಬೇಕು, ಅಂಥವು. ಪಾಠಕ್ಕೆ ಅರವತ್ತು ಪುಟ, ಪುಟಕ್ಕೆ ನಾಲ್ಕೈದು ಬಟನ್, ವರ್ಷಕ್ಕೆ ಹದಿನೆಂಟು ಪಾಠ. ಕಲಿತವರು ಸಾವಿರಾರು ಮಂದಿ. ಕಟ್ಟಿದವರು ಯಾರೆಂದು ಕೇಳಿದವರು ಒಬ್ಬರೂ ಇಲ್ಲ. ಅವರಿಗೆ ಅದರ ಬೇಸರವಿಲ್ಲ, ನನಗಿದೆ.

ಎಂಟು ವರ್ಷದ ಹಿಂದೆ ಅವರ ಅಣ್ಣ, ತಗಡು ಒತ್ತುವ ಯಂತ್ರದ ಆಪರೇಟರ್, ವರ್ಷದ ಸುರಕ್ಷತಾ ಪರೀಕ್ಷೆಯಲ್ಲಿ ಮೂರು ಸಲ ಫೇಲಾದರು. ಇಪ್ಪತ್ತು ವರ್ಷ ಯಂತ್ರದ ಮುಂದೆ ನಿಂತ ಮನುಷ್ಯನನ್ನು ಮೇಲ್ವಿಚಾರಕ ಎಲ್ಲರೆದುರು ದಡ್ಡ ಅಂದ, ಗೋದಾಮಿಗೆ ಪೆಟ್ಟಿಗೆ ಎತ್ತಲು ಕಳಿಸಿದ. "ಅದ್ಯಾವ ಪಾಠ, ತೋರ್ಸು ಅಂದೆ. ನೋಡಿದ್ರೆ ನಾನೇ ಮಾಡಿದ್ದು!"

ಒತ್ತಿದ ಉತ್ತರ ಕೆಂಪಿನಿಂದ ಹಸಿರಾಗುತ್ತಿತ್ತು, ಅಷ್ಟೆ. ಅಣ್ಣನಿಗೆ ಹುಟ್ಟಿನಿಂದಲೂ ಕೆಂಪು ಹಸಿರಿನ ವ್ಯತ್ಯಾಸ ಕಾಣದು. ಒತ್ತಿತೋ ಇಲ್ಲವೋ ಎಂದು ಮತ್ತೊಮ್ಮೆ ಒತ್ತುತ್ತಿದ್ದರು, ಆರಿಸಿದ್ದು ಅಳಿಸಿಹೋಗುತ್ತಿತ್ತು. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ ಕೆಲಸಕ್ಕೆ ಕೂತಾಗ ತಂಗಿಗೇ ಮರೆತಿತ್ತು.

ಆಗ ಇನ್ನೂರ ಅರವತ್ತು ಬಟನ್ನುಗಳನ್ನೂ ಬೇರೆಬೇರೆಯಾಗಿ ಬರೆದಿದ್ದರು. ಹನ್ನೊಂದು ದಿನ ಕೂತು ತಿದ್ದಿದರು. ಆದರೂ ನಲವತ್ತೇಳನೇ ಪುಟದಲ್ಲಿ ಒಂದು ಉಳಿದುಬಿಟ್ಟಿತು. ಮತ್ತೆ ಪರೀಕ್ಷೆಗೆ ಕೂತ ಅಣ್ಣ ಅಲ್ಲೇ ಸಿಕ್ಕಿಬಿದ್ದರು. "ಅವತ್ತೇ ಆಣೆ ಮಾಡ್ದೆ. ಮಾಡೋದು ಒಂದೇ ಸಲ, ಸರಿಯಾಗಿ. ಆಮೇಲೆ ಅದನ್ನೇ ಎಲ್ಲಾ ಕಡೆ ಬಳಸೋದು."

ಈಗ ಅವರದು ಒಂದೇ ಬಟನ್, ಅದಕ್ಕೆ ಐದು ಮುಖ: ಸುಮ್ಮನಿದ್ದಾಗ ಒಂದು, ಮೌಸಿನ ಬಾಣ ಹತ್ತಿರ ಬಂದಾಗ ಒಂದು, ಒತ್ತಿದಾಗ ದಪ್ಪ ಅಂಚು, ಮುಗಿದಾಗ ಟಿಕ್, ಒತ್ತಬಾರದಾಗ ಬೀಗ. ಮೂಲದಲ್ಲಿ ತಿದ್ದಿದರೆ ಪ್ರತಿ ಪುಟದಲ್ಲೂ ತಾನೇ ತಿದ್ದಿಕೊಳ್ಳುತ್ತದೆ. ಈ ಬಟನ್ ಬಂದ ವರ್ಷವೇ ಅಣ್ಣ ಪಾಸಾಗಿ ಯಂತ್ರಕ್ಕೆ ಮರಳಿದ್ದರು. ದಿನಾ ಹೊಸದಾಗಿ ಬರೆಯುವವರು ಇವರನ್ನು ಸೋಮಾರಿ ಎಂದದ್ದೂ ಉಂಟು. "ಬಡಗಿ ದಿನಾ ಹೊಸ ಕೀಲು ಕಂಡುಹಿಡೀತಾನಾ?" ಎಂದು ಬಾಯಿ ಮುಚ್ಚಿಸಿದ್ದಾರೆ.

ಕಳೆದ ತಿಂಗಳು ಬಂದ ಹೊಸ ಮುಖ್ಯಸ್ಥರಿಗೆ ಆ ಟಿಕ್ ಹಳೇ ಕಾಲದ್ದಾಗಿ ಕಂಡಿತು. ಅಂಚೂ ಬೇಡ, ಟಿಕ್ಕೂ ಬೇಡ, ಬಣ್ಣ ಸಾಕು, ತೆಗೆಯಿರಿ, ಒಂದು ನಿಮಿಷದ ಕೆಲಸ ಅಂದರು. ಅಕ್ಕ ಜಗ್ಗಲಿಲ್ಲ.

"ಒಂದೇ ನಿಮಿಷ, ನಿಜ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ ಸಾರ್, ಆ ದೊಣ್ಣೇನ ನನ್ನ ಕೈಗೇ ಕೊಡ್ತೀರಾ? ನಾನು ತೆಗಿಯಲ್ಲ."

ಶಿಕ್ಷೆಯಾಗಿ ಹೊಸ ಪಾಠ ಕೊಡುವುದು ನಿಂತಿದೆ. ಹದಿನೇಳು ದಿನದಿಂದ ಕಾಗುಣಿತ ತಿದ್ದುತ್ತಿದ್ದಾರೆ. ಟಿಕ್ ತೆಗೆಯುವ ಕೆಲಸ ಪಕ್ಕದ ಮೇಜಿನವನಿಗೆ ಹೋಯಿತು. ಆರು ವರ್ಷ ಅದೇ ಸಾಫ್ಟ್‌ವೇರ್ ಮೇಲೆ ಕೂತವನು ತಲೆ ಕೆರೆದುಕೊಂಡು "ನಂಗೆ ಬರಲ್ಲ ಸಾರ್" ಅಂದ. ಅವನಾಚೆಯವಳಿಗೂ ಬರಲಿಲ್ಲ. ಮುಖ್ಯಸ್ಥರಿಗಂತೂ ಮೊದಲಿಂದಲೂ ಬಾರದು. ಒಂದು ನಿಮಿಷದ ಕೆಲಸ ಇಡೀ ಆಫೀಸಿಗೆ ಮರೆತುಹೋಗಿದೆ, ಇದನ್ನು ಬರೆಯುವಾಗ ನನಗೆ ನಗು ತಡೆಯಲಾಗುತ್ತಿಲ್ಲ.

ಇವತ್ತು ಆರೂವರೆಗೆ ಅಣ್ಣನ ಈ ವರ್ಷದ ಪರೀಕ್ಷೆ. ಫೇಲಾದರೆ ಮತ್ತೆ ಗೋದಾಮು. ಅದಕ್ಕೇ ಯಾರೂ ಹೇಳದಿದ್ದರೂ ಅಕ್ಕ ನಸುಕಿಗೇ ಬಂದು ಕೂತಿದ್ದಾರೆ, ಟಿಕ್ ಇನ್ನೂ ಇದೆಯೇ ಎಂದು ನೋಡಲು. ಇದೆ. ಉತ್ತರ ಹೇಳಿಕೊಟ್ಟಿರಾ ಎಂದರೆ ಸಿಡುಕುತ್ತಾರೆ: "ಅವನೂ ಕೇಳಲ್ಲ, ನಾನೂ ಹೇಳಲ್ಲ. ಒತ್ತಿದ್ದು ಒತ್ತಿದ ಹಾಗೆ ಕಾಣ್ಲಿ, ಅಷ್ಟೇ ನಾನು ಕೇಳೋದು."

ಏಳೂವರೆಗೆ ಫೋನ್ ಸದ್ದು ಮಾಡುತ್ತದೆ. ಅಣ್ಣನ ಮೆಸೇಜು: ಪಾಸು, ನಲವತ್ತಕ್ಕೆ ಮೂವತ್ತೆಂಟು. ಅಕ್ಕ ಎರಡು ಸಲ ಓದುತ್ತಾರೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಕೂಡಲೇ ಹುಬ್ಬು ಗಂಟಿಕ್ಕುತ್ತದೆ.

"ಎರಡು ತಪ್ಪಾ? ಅದು ಅವನ ತಪ್ಪು. ನನ್ನ ಬಟನ್ನಿಂದಲ್ಲ."