ಪೊರೆ ಯಾರ ಕಣ್ಣಿನದು?

ಟೈಲರಮ್ಮ ಹೊಲಿದ ಬಟ್ಟೆಯನ್ನು ಒಳಮಗ್ಗುಲು ತಿರುಗಿಸಿ ತೊಟ್ಟರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೊಲಿಗೆ ಅಷ್ಟು ಅಚ್ಚುಕಟ್ಟು. ಅಂಥ ಕಣ್ಣುಗಳಿಗೇ ಪೊರೆ ಬಂದು, ಸೂಜಿಗೆ ದಾರ ಪೋಣಿಸಲು ಸೊಸೆಯನ್ನು ಕೂಗುವಂತಾಯಿತು. ಬಲಗಣ್ಣಿನ ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು. ಎಡಗಣ್ಣಿನದಕ್ಕೂ ತಡಮಾಡಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದರು.

ಅದೇ ಹೊತ್ತಿಗೆ ಮಗ ಗೋಡೆ ತುಂಬುವಂಥ ಹೊಸ ಟಿವಿ ತಂದ. ತಾಯಿಗೆ ಪ್ರಾಣವಾಗಿದ್ದ ಹಳೆಯ ಸಿನಿಮಾ ಹುಡುಕಿ ಹಾಕಿಕೊಟ್ಟು ಕೆಲಸಕ್ಕೆ ಹೋದ. ನಾಯಕಿ ಮೆಟ್ಟಿಲಿಳಿದು ಓಡಿಬರುವಾಗ ಅರಳುವ ಲಂಗವನ್ನು ನೋಡಿ ನೋಡಿಯೇ ಟೈಲರಮ್ಮ ಹರೆಯದಲ್ಲಿ ನೆರಿಗೆ ಹಿಡಿಯುವುದನ್ನು ಕಲಿತಿದ್ದಳು. ಈಗ ನೋಡಿದರೆ ನಾಯಕಿ ಎಣ್ಣೆಯ ಮೇಲೆ ಜಾರಿದಂತೆ ಇಳಿದಳು. ಲಂಗದ ಅಂಚಿನ ಸುತ್ತ ಗಾಳಿಯೇ ನೀರಾಗಿ ಕದಡಿತು. ಅರಮನೆಯೋ, ತಾನು ಬರೀ ಬಣ್ಣ ಬಳಿದ ಹಲಗೆಯೆಂದು ಸಾರಿ ಹೇಳುವಂತಿತ್ತು.

ಎಡಗಣ್ಣು ಮುಚ್ಚಿದಳು, ಅದೇ ಜಾರಾಟ. ಬಲಗಣ್ಣು ಮುಚ್ಚಿದಳು, ಎಲ್ಲ ಮಂಜು, ಆದರೂ ಹಿತ.

"ಡಾಕ್ಟರು ಪೊರೆ ಜೊತೆ ಇನ್ನೇನನ್ನೋ ಕಿತ್ಬಿಟ್ಟಿದಾರೆ ಕಣೇ. ಎಡಗಣ್ಣು ಮಾತ್ರ ನಾನು ಕೊಡಲ್ಲ!"

"ಕೊಡೋಕೆ ಅದೇನು ಅಳತೆ ರವಿಕೇನಾ ಅತ್ತೆ?" ಎಂದು ಸೊಸೆ ನಕ್ಕಳು.

"ನಗು, ನಗು. ಹೋಗಿರೋದು ನನ್ನ ಕಣ್ಣು ತಾನೆ!"

ಅತ್ತೆ ಸೆರಗಿನಿಂದ ಎಡಗಣ್ಣು ಮುಚ್ಚಿಕೊಂಡದ್ದನ್ನು ಕಂಡು ಸೊಸೆಯ ನಗು ಅಡಗಿತು. ಹಟ ಹಿಡಿದರೆ ಇವರನ್ನು ಆಸ್ಪತ್ರೆಯ ಮೆಟ್ಟಿಲು ಹತ್ತಿಸುವುದು ಬ್ರಹ್ಮನಿಗೂ ಸಾಧ್ಯವಿಲ್ಲ. ಪಕ್ಕದಲ್ಲಿ ಕುಳಿತು ತಾನೂ ನೋಡಿದಳು. ಹುಬ್ಬು ಮೇಲೇರಿತು.

"ಅತ್ತೆ, ನಂಗೂ ಹಾಗೇ ಕಾಣ್ತಿದೆ! ನಂಗ್ಯಾವ ಆಪರೇಷನ್ ಆಗಿದೆ?"

ರಿಮೋಟ್ ಹಿಡಿದು ಸೆಟ್ಟಿಂಗುಗಳನ್ನೆಲ್ಲ ಜಾಲಾಡಿ, ಕೊನೆಗೆ 'ಮೋಷನ್ ಸ್ಮೂತಿಂಗ್' ಎಂಬಲ್ಲಿ ನಿಂತಳು.

"ಕಳ್ಳ ಇಲ್ಲಿದಾನೆ. ಸಿನಿಮಾ ಅಂದ್ರೆ ಬಿಡಿ ಬಿಡಿ ಚಿತ್ರ ಅಲ್ವಾ ಅತ್ತೆ? ಅವುಗಳ ಸಂದಿಯಲ್ಲಿ ಈ ಟಿವಿ ತಾನೇ ಊಹಿಸ್ಕೊಂಡು ಹೊಸ ಚಿತ್ರ ತುರುಕ್ತಿದೆ. ಕ್ರಿಕೆಟ್ ಮ್ಯಾಚಿಗಾದ್ರೆ ಚೆನ್ನ. ಸಿನಿಮಾ ಹೀಗೆ ನುಣ್ಣಗಾಗಿಬಿಡುತ್ತೆ."

"ಯಾರೂ ತೆಗೀದೇ ಇರೋ ಚಿತ್ರಾನಾ?"

"ಹೂಂ."

"ಅಬ್ಬಾ! ಹಾಗಾದ್ರೆ ಇಷ್ಟು ವರ್ಷ ಆ ಸಂದಿ ಹೊಲೀತಿದ್ದೋರು ಯಾರೇ?"

"ನೀವೇ! ನಿಮ್ಮ ಕಣ್ಣು, ನಿಮ್ಮ ತಲೆ."

ಟೈಲರಮ್ಮ ತನ್ನ ಬೆರಳ ತುದಿಗಳನ್ನು ನೋಡಿಕೊಂಡಳು. ಕತ್ತಲೆಯ ಟಾಕೀಸಿನಲ್ಲಿ ಕೈಕಟ್ಟಿ ಕೂತಿದ್ದಾಗಲೂ ತನ್ನೊಳಗೆ ಯಾವುದೋ ಸೂಜಿ ಓಡುತ್ತಿತ್ತೇ? ದಾರವಿಲ್ಲದೆ, ಸದ್ದಿಲ್ಲದೆ?

ಸೊಸೆ ಆ ಸೆಟ್ಟಿಂಗ್ ಆಫ್ ಮಾಡಿ ದೃಶ್ಯವನ್ನು ಹಿಂದಕ್ಕೊಯ್ದಳು. ನಾಯಕಿ ಓಡಿಬಂದಳು. ಅರಮನೆ ಮತ್ತೆ ಅರಮನೆಯಾಯಿತು. ನೆರಿಗೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಮಡಿಕೆಯೊಳಗೆ ಹೊಳೆಯುವ ಸಣ್ಣ ಪಟ್ಟಿಯೊಂದು ಕಂಡಿತು. ಟಾಕೀಸಿನ ಹಿಂದಿನ ಸಾಲಿನಿಂದ ಅದು ಎಂದೂ ಕಂಡಿರಲಿಲ್ಲ. ಟೈಲರಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಮೆಲ್ಲಗೆ ಬಲಗಣ್ಣು ಮುಚ್ಚಿದಳು. ಪಟ್ಟಿ ಮಂಜಿನಲ್ಲಿ ಮಾಯವಾಯಿತು.

"ಎಡಗಣ್ಣಿಗೆ ಇದ್ಯಾವುದೂ ಕಾಣಿಸ್ತಿಲ್ಲವಲ್ಲೇ, ಪಾಪ! ನಾಳೇನೇ ಡಾಕ್ಟರಿಗೆ ಫೋನ್ ಮಾಡು. ಈಗ ಇನ್ನೊಂದ್ಸಲ ಓಡಿಸೇ ಅವಳನ್ನ."