ಫ್ರಾನ್ಸಿನ ಹಸುವಿಗೂ ಹೇಳಿದ ಸುದ್ದಿ

ಮೊದಲು ಸುದ್ದಿ ಹೇಳಿಬಿಡುತ್ತೇನೆ. ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ತಲೆ ತುಂಬ ಕಪ್ಪು ಕೂದಲು. ಮೂಗು ನಮ್ಮ ಯಜಮಾನರದು, ಬೆಳೆಯುತ್ತಾ ಸರಿಹೋದರೂ ಹೋಗಬಹುದು. ಇವತ್ತು ಬೆಳಿಗ್ಗೆ ಆಸ್ಪತ್ರೆಯಿಂದ ಮನೆಗೆ ಬಂದಳು. ಡರ್ಬಿಯಲ್ಲಿರುವ ನನ್ನ ಮಗನ ಮನೆಯ ಮುಂದಿನ ಕೋಣೆಯಲ್ಲಿ, ಯಾರ ಮೇಲೋ ಜಗಳಕ್ಕೆ ಹೊರಟವಳ ಹಾಗೆ ಮುಷ್ಟಿ ಬಿಗಿಹಿಡಿದು ಮಲಗಿದ್ದಾಳೆ. ಒಲೆಯ ಮೇಲೆ ಬೇಳೆ ಬೇಯುತ್ತಿದೆ, ಆ ಬಿಡುವಿನಲ್ಲಿ ಬರೆಯಲು ಕೂತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಒಂದು ಪುಟ ಬರೆದರೆ ಬೆರಳು ನೋಯುತ್ತವೆ. ಆದರೆ ಈ ಸುದ್ದಿಯನ್ನು ತಿಂಗಳುಗಟ್ಟಲೆ ನನ್ನ ಹೊಟ್ಟೆಯಲ್ಲೂ ಹೊತ್ತಿದ್ದೆ. ಹೆತ್ತವಳು ಸೊಸೆಯಾದರೂ ನನಗೂ ಇವತ್ತು ಹಗುರವಾಗಿದೆ.

ಮಗು ಬಂದ ಸಂಭ್ರಮಕ್ಕೆ ಮಧ್ಯಾಹ್ನ ಒಂದು ಚಿಟಿಕೆ ಸಾಂಬ್ರಾಣಿ ಹಾಕಿದೆ. ಹೊಗೆ ಎರಡು ಸುತ್ತು ಸುತ್ತುವಷ್ಟರಲ್ಲಿ ಸೂರಿಗೆ ಅಂಟಿಸಿದ ಸ್ಮೋಕ್ ಅಲಾರಂ ಬಡಿದುಕೊಳ್ಳತೊಡಗಿತು. ಈ ದೇಶದಲ್ಲಿ ಧೂಪ ದೇವರಿಗಿಂತ ಮೊದಲು ತಲುಪುವುದು ಅದಕ್ಕೆ. ಯಜಮಾನರು ಸ್ಟೂಲ್ ಹತ್ತಿ ಟವೆಲ್ ಬೀಸಿದರು. ಪಕ್ಕದ ಮನೆಯ ಇಂಗ್ಲಿಷ್ ಮುದುಕಿ ಗಾಬರಿಯಾಗಿ ಮನೆಯ ಚಪ್ಪಲಿಯಲ್ಲೇ ಓಡಿಬಂದಳು. ನನಗೆ ಇಂಗ್ಲಿಷ್ ಬಾರದು. ಹೊಟ್ಟೆಯ ಮುಂದೆ ಕೈಯಿಂದ ಒಂದು ಗುಡ್ಡ ಬರೆದೆ, ಎರಡೂ ತೋಳು ಸೇರಿಸಿ ತೂಗಿದೆ, ಕೋಣೆಯ ಕಡೆ ಬೆರಳು ತೋರಿಸಿದೆ. ಆಯಮ್ಮ ಬೆಂಕಿಯನ್ನು ಮರೆತು ನನ್ನನ್ನು ತಬ್ಬಿಕೊಂಡಳು.

ಈ ಅಭಿನಯವನ್ನು ನಾನು ಕಲಿತದ್ದು ಫ್ರಾನ್ಸಿನಲ್ಲಿ. ಹೌದು, ನಾನೂ ಫ್ರಾನ್ಸ್ ನೋಡಿಬಂದವಳೇ. ಹೇಗೆ ಎಂದು ಹೇಳುತ್ತೇನೆ, ನಗಬೇಡಿ. ಬೇಬಿಮೂನಿಗೆ ಹೋಗಿದ್ದೆ.

ಅದೇನೆಂದು ನನಗೂ ಗೊತ್ತಿರಲಿಲ್ಲ. ಮಗು ಹುಟ್ಟುವುದಕ್ಕೆ ಮೊದಲು ಗಂಡ ಹೆಂಡತಿ ಇಬ್ಬರೇ ಎಲ್ಲಾದರೂ ಹೋಗಿ ಹಾಯಾಗಿದ್ದು ಬರುವುದಂತೆ. ಹನಿಮೂನಿನ ಬಡ್ಡಿ ಎನ್ನಿ. ನಮ್ಮ ಕಾಲದಲ್ಲಿ ಅಸಲೇ ಇರಲಿಲ್ಲ. ನಮ್ಮ ಯಜಮಾನರ ಜೊತೆ ನಾನು ಮಾಡಿದ ಮೊದಲ ಪ್ರವಾಸ ಅವರ ಸೋದರತ್ತೆಯ ತಿಥಿಗೆ. ಬಸ್ಸಿನಲ್ಲಿ ಅವರು ಮುಂದಿನ ಸೀಟು, ನಾನು ಹಿಂದಿನ ಸೀಟು, ನಡುವೆ ಬಾಳೆಲೆಯ ಕಟ್ಟು.

ನನ್ನ ಮಗ ಗಿರೀಶ ಇಲ್ಲಿ ಎಂಜಿನ್ ಕಾರ್ಖಾನೆಯಲ್ಲಿದ್ದಾನೆ. ಹೆಂಡತಿ ಸಿಂಧುವಿಗೆ ಐದು ತುಂಬಿದಾಗ ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಜೋಡಿಗಳಿಗೆಂದೇ ಇರುವ ಏರ್ಪಾಟು ಬುಕ್ ಮಾಡಿದ. ರೈತರ ಮನೆಯಲ್ಲಿ ವಾಸ, ಹಳೆಯ ಕಾಲದ ಮ್ಯೂಸಿಯಂ, ಬುಟ್ಟಿ ಹೆಣೆಯುವ ಪಾಠ, ಗದ್ದೆ ತೋಟ ಸುತ್ತಾಟ. ಹೊರಡುವ ವಾರ ಅವನ ಪಾಳಿಯ ರೋಟಾ ಬದಲಾಯಿತು, ರಜೆ ಹಾರಿಹೋಯಿತು. ನಾವು ಊರಿಂದ ಬರುವಾಗಲೇ ಯುರೋಪಿನ ವೀಸಾ ಒತ್ತಿಸಿಕೊಂಡು ಬಂದಿದ್ದೆವು, ಆದರೆ ಯಜಮಾನರ ಮಂಡಿ ಎಲ್ಲಿಗೂ ಬರಲು ಒಪ್ಪಿರಲಿಲ್ಲ. ಹಾಗಾಗಿ ಗಿರೀಶನ ಜಾಗಕ್ಕೆ ನಾನು. ಯಜಮಾನರು "ನನ್ನ ಜೊತೆ ಹೋಗೋದಕ್ಕಿಂತ ವಾಸಿ ಬಿಡು" ಎಂದು ಹರಸಿ ಕಳಿಸಿದರು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಹಿಂದಿನ ವರ್ಷವೂ ಸಿಂಧು ಬಸುರಿಯಾಗಿದ್ದಳು. ಆಗ ಸಂತೋಷ ತಡೆಯಲಾರದೆ ಆಫೀಸಿಗೆ, ಗೆಳತಿಯರಿಗೆ, ಇಲ್ಲಿನ ಕನ್ನಡದವರ ವಾಟ್ಸಾಪ್ ಗುಂಪಿಗೆ, ಎಲ್ಲರಿಗೂ ಹೇಳಿದ್ದಳು. ನಾಲ್ಕನೇ ತಿಂಗಳಲ್ಲಿ ಹೋಯಿತು. ಆಮೇಲೆ ಹೇಳಿದವರಿಗೆಲ್ಲ ಒಬ್ಬೊಬ್ಬರಿಗೂ ವಾಪಸ್ ಹೇಳಬೇಕಾಯಿತು. ಅಂಗಡಿಯಲ್ಲಿ ಸಿಕ್ಕವರು ಎಷ್ಟನೇ ತಿಂಗಳು ಎಂದು ಕೇಳುವುದು, ಇವಳು ತರಕಾರಿ ತಕ್ಕಡಿಯ ಪಕ್ಕ ನಿಂತು ಇಲ್ಲ ಎನ್ನುವುದು. ಹೋದದ್ದಕ್ಕಿಂತ ಅದನ್ನು ಹೇಳಿದ್ದೇ ಅವಳನ್ನು ಹೆಚ್ಚು ಬಳಲಿಸಿತು.

ಅದಕ್ಕೆ ಈ ಸಲ ಬಾಯಿಗೆ ಬೀಗ. ಅವಳ ಅಪ್ಪ ಅಮ್ಮ, ನಾವಿಬ್ಬರು, ರಜೆ ಕೊಡಬೇಕಾದ ಆಫೀಸಿನ ಮೇಲಿನವರು, ಇಷ್ಟು ಜನ ಬಿಟ್ಟರೆ ಯಾರಿಗೂ ಗೊತ್ತಾಗಕೂಡದು. ಅವಳ ಆಫೀಸಿನ ಕೆಲಸವೂ ಮನೆಯಿಂದಲೇ, ಹಾಗಾಗಿ ಹೊಟ್ಟೆ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಗೌರಿಬಿದನೂರಿನ ನನ್ನ ತಂಗಿ ಜಯಮ್ಮನಿಗೂ ಇಲ್ಲ. "ಹೇಳೋದು ನೀವು ಹೇಳ್ಬಿಡ್ತೀರ ಅತ್ತೆ, ವಾಪಸ್ ಹೇಳೋಳು ನಾನು" ಎಂದಿದ್ದಳು. ನಾನು ಮಾತು ಕೊಟ್ಟೆ. ದೇವರಿಗೆ ಹರಕೆ ಹೊರುವಾಗಲೂ ಬಾಯಿ ಬಿಡಲಿಲ್ಲ, ಕಣ್ಣಲ್ಲೇ ಹೊತ್ತೆ. ಮನೆಯೊಳಗೂ ಅವಳು ಮಗು ಎನ್ನುತ್ತಿರಲಿಲ್ಲ. "ಎಲ್ಲ ಸರಿಯಾಗಿ ಆದ್ರೆ" ಎನ್ನುತ್ತಿದ್ದಳು, ಕಂತಿನಲ್ಲಿ ಫ್ರಿಜ್ ತರುವವರ ಹಾಗೆ. ನನಗೋ, ಕುಣಿಯಬೇಕು ಎನ್ನಿಸುವ ಹೊತ್ತಿನಲ್ಲಿ ಬಟಾಣಿ ಸುಲಿಯುತ್ತಾ ಕೂರುವ ಶಿಕ್ಷೆ.

ಹೀಗೆ ಅತ್ತೆ ಸೊಸೆ ಬೇಬಿಮೂನಿಗೆ ಹೊರಟೆವು. ಬರ್ಮಿಂಗ್‌ಹ್ಯಾಮಿನಿಂದ ವಿಮಾನ, ಅಲ್ಲಿಂದ ಬಾಡಿಗೆ ಕಾರು. ರಸ್ತೆಯ ಬಲಗಡೆ ಓಡಿಸುವ ಊರು ಅದು. ಸಿಂಧು ತಿರುವು ಬಂದಾಗೆಲ್ಲ ಉಸಿರು ಹಿಡಿಯುವಳು, ನಾನು ಸೀಟು ಹಿಡಿಯುವೆ. ತೋಟದ ಮನೆಯ ಕೋಣೆಯಲ್ಲಿ ಒಂದೇ ಮಂಚ, ಅದರ ಮೇಲೆ ಗುಲಾಬಿ ಎಸಳು, ಟವೆಲ್ ಮಡಚಿ ಮಾಡಿದ ಎರಡು ಹಂಸಗಳು ಕೊಕ್ಕಿಗೆ ಕೊಕ್ಕು ಕೊಟ್ಟು ಮುದ್ದಾಡುತ್ತಿದ್ದವು. ಮನೆಯೊಡತಿ ಸಿಂಧುವನ್ನು ನೋಡಿದಳು, ಸೀರೆಯ ಮೇಲೆ ಸ್ವೆಟರ್ ತೊಟ್ಟ ನನ್ನನ್ನು ನೋಡಿದಳು, ಬಹಳ ಗೌರವದಿಂದ ಬಾಗಿಲು ಮುಂದೆಳೆದುಕೊಂಡು ಹೋದಳು. ಸಿಂಧು ನಾಚಿಕೊಂಡು ಏನೋ ವಿವರಿಸಲು ಹಿಂದೆಯೇ ಓಡಿದಳು. ಏನು ಹೇಳಿದಳೋ, ಮರುದಿನದಿಂದ ನಮಗೆ ಇನ್ನೊಂದು ದಿಂಬು ಹೆಚ್ಚಿಗೆ ಸಿಕ್ಕಿತು. ಹಂಸಗಳಿಂದ ನಾನು ಕಾಲು ಒರೆಸಿಕೊಂಡೆ.

ಮ್ಯೂಸಿಯಮ್ಮಿನಲ್ಲಿ ನೇಗಿಲು, ನೊಗ, ಒನಕೆಯಂಥದ್ದು, ಎಲ್ಲಕ್ಕೂ ಸುತ್ತ ಹಗ್ಗ ಕಟ್ಟಿದ್ದರು. ಮುಟ್ಟಿದರೆ ಗದರುತ್ತಾರಂತೆ. ಮುಟ್ಟದೆ ಹೋದರೆ ಗದರುತ್ತಿದ್ದ ಮನೆಯಲ್ಲಿ ಬೆಳೆದವಳು ನಾನು, ದೂರದಿಂದಲೇ ಕೈಮುಗಿದೆ. ಸಿಂಧು ಪ್ರತಿ ನೊಗವನ್ನೂ ನಿಂತು ನೋಡಿದಳು, ಇಂಗ್ಲಿಷ್ ಫಲಕ ಓದಿ ನನಗೆ ಅರ್ಥ ಹೇಳಿದಳು. ಮುಂದಿನ ಕೋಣೆಯಲ್ಲಿ ಲೇಸಿನ ಹೆಣಿಗೆ. ಗಾಜಿನ ಕಪಾಟಿನಲ್ಲಿ ಎಳೆಮಕ್ಕಳ ಕುಲಾವಿಗಳು, ಅಂಗೈಯಲ್ಲಿ ಮುಚ್ಚಿಡುವಷ್ಟು ಪುಟ್ಟವು. ಅಲ್ಲಿಗೆ ಬಂದದ್ದೇ ಅವಳು ಫೋನ್ ತೆಗೆದು ಹವಾಮಾನ ನೋಡತೊಡಗಿದಳು. ಆಮೇಲೆ ಟಾಯ್ಲೆಟ್ಟಿಗೆ ಹೋಗಿಬರುತ್ತೇನೆ ಎಂದು ಸರಸರನೆ ನಡೆದಳು.

ನಾನು ಕುಲಾವಿಗಳ ಮುಂದೆ ಒಬ್ಬಳೇ. ಮೂಲೆಯ ಕುರ್ಚಿಯಲ್ಲಿ ಕಾವಲಿನ ಹೆಂಗಸು, ಹೆಚ್ಚು ಕಡಿಮೆ ನನ್ನದೇ ವಯಸ್ಸು. ಅವಳು ಮುಗುಳ್ನಕ್ಕಳು. ಅಷ್ಟೇ ನೋಡಿ, ಕಟ್ಟೆ ಒಡೆಯಿತು. "ನನ್ನ ಸೊಸೆ ಬಸುರಿ ಕಣಮ್ಮ" ಎಂದು ಅಚ್ಚ ಕನ್ನಡದಲ್ಲಿ ಹೇಳಿ, ಗುಡ್ಡ ಬರೆದು, ತೋಳು ತೂಗಿ, ಟಾಯ್ಲೆಟ್ಟಿನ ಬಾಗಿಲು ತೋರಿಸಿದೆ. ಅವಳು ಎದ್ದು ಬಂದು ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟಳು. ತಿಂಗಳುಗಳಿಂದ ಎದೆಯಲ್ಲಿ ಸಿಕ್ಕಿಕೊಂಡಿದ್ದ ತೇಗು ಬಂದ ಹಾಗಾಯಿತು.

ಕೊಟ್ಟ ಮಾತು ಮುರಿದೆಯಲ್ಲ ಎನ್ನುತ್ತೀರಿ. ನಾನು ಲೆಕ್ಕ ಹಾಕಿಯೇ ಮಾಡಿದ್ದು. ನಾನು ಆಡಿದ ಕನ್ನಡ ಅವಳಿಗೆ ಬಾರದು, ಅವಳಾಡಿದ ಫ್ರೆಂಚು ನನಗೆ ಬಾರದು. ಹೇಳಿದ ಹಾಗೆ ಹೇಗಾಯಿತು? ಅವಳೇನು ಗೌರಿಬಿದನೂರಿಗೆ ಫೋನ್ ಮಾಡುತ್ತಾಳೆಯೇ? ಬಸುರಿಯರಿಗೆ ಟಾಯ್ಲೆಟ್ ಪದೇ ಪದೇ ಬೇಕು, ಸಿಂಧು ಹೋದಾಗಲೆಲ್ಲ ನನಗೊಂದು ಅವಕಾಶ. ಸಂತೆಯಲ್ಲಿ ಚೀಸು ಮಾರುವವನಿಗೆ ಹೇಳಿದೆ, ಅವನು ಒಂದು ತುಂಡು ಕೊಯ್ದು ಬಾಯಿಗೇ ಇಟ್ಟ. ಬುಟ್ಟಿ ಪಾಠಕ್ಕೆ ಹೋದಾಗ ಪಾಠ ಹೇಳುವ ಮುದುಕಿಗೆ ಅಂಗಳದಲ್ಲೇ ಹೇಳಿದೆ. ಬೇಲಿಯ ಪಕ್ಕ ಬಿಳಿ ಹಸುವೊಂದು ನಿಂತಿತ್ತು, ಅದಕ್ಕೂ ಹೇಳಿದೆ.

ಅಲ್ಲಿಗೆ ಸಿಕ್ಕಿಬಿದ್ದೆ.

ಬುಟ್ಟಿಯ ಪಾಠದಲ್ಲಿ ಜೋಡಿ ಜೋಡಿಯಾಗಿ ಕೂರಿಸುತ್ತಾರೆ. ಒಬ್ಬರು ತಳವನ್ನು ಮಂಡಿಯ ನಡುವೆ ಹಿಡಿಯಬೇಕು, ಇನ್ನೊಬ್ಬರು ನೆನೆಸಿದ ಕಡ್ಡಿ ಹೆಣೆಯಬೇಕು. ಎಲ್ಲರಿಗೂ ಬ್ರೆಡ್ಡಿನ ಬುಟ್ಟಿ, ದುಂಡನೆಯ ತಳ. ಮುದುಕಿ ನಮ್ಮ ಮುಂದೆ ಮಾತ್ರ ಉದ್ದನೆಯ, ಮೊಟ್ಟೆಯಾಕಾರದ ತಳ ತಂದಿಟ್ಟಳು. ಪಕ್ಕದ ಮೇಜಿನ ಹುಡುಗಿಗೆ ಇಂಗ್ಲಿಷ್ ಬರುತ್ತಿತ್ತು. ನಮ್ಮದೇಕೆ ಬೇರೆ ಎಂದು ಸಿಂಧು ಅವಳ ಮೂಲಕ ಕೇಳಿಸಿದಳು. ಮುದುಕಿ ಮುಖ ಅರಳಿಸಿಕೊಂಡು ನನ್ನ ಕಡೆ ಕೈ ತೋರಿಸಿದಳು. ಆ ಹುಡುಗಿ ಹೇಳಿದ್ದರಲ್ಲಿ ಬೇಬಿ ಎಂಬ ಮಾತು ನನಗೂ ತಿಳಿಯಿತು. ತೊಟ್ಟಿಲ ಬುಟ್ಟಿ. ಮೇಜಿನವರೆಲ್ಲ ಚಪ್ಪಾಳೆ ತಟ್ಟಿದರು. ಸಿಂಧು ಕಡ್ಡಿಗಳನ್ನು ಮೆಲ್ಲಗೆ ಕೆಳಗಿಟ್ಟು ಎದ್ದು ಹೊರಗೆ ಹೋದಳು.

ಅಂಗಳದ ತೊಟ್ಟಿಯಲ್ಲಿ ಕಡ್ಡಿಯ ಕಟ್ಟುಗಳು ನೆನೆಯುತ್ತಿದ್ದವು. ಅದರ ಅಂಚಿಗೆ ಕೂತಿದ್ದಳು. ನಾನು ಪಕ್ಕದಲ್ಲಿ ಕೂತೆ. ನೀರಿನಲ್ಲಿ ಒಂದು ಕಡ್ಡಿ ಆಡಿಸುತ್ತಾ ಕೇಳಿದಳು.

"ಎಷ್ಟು ಜನಕ್ಕೆ ಹೇಳಿದೀರ ಅತ್ತೆ?"

"ಮ್ಯೂಸಿಯಮ್ಮಿನವಳು, ಚೀಸಿನವನು, ಈಯಮ್ಮ. ಆಮೇಲೆ ಆ ಹಸು."

"ಹಸುಗೂನಾ?"

"ಅದೂ ಗಬ್ಬ ಆಗಿತ್ತು ಕಣೆ."

ಅವಳಿಗೆ ನಗು ಬಂತು, ಜೊತೆಗೇ ಅಳುವೂ ಬಂತು. ಎರಡನ್ನೂ ದುಪಟ್ಟಾದಲ್ಲಿ ಒರೆಸಿಕೊಂಡಳು.

"ಈ ಸಲಾನೂ ಏನಾದ್ರೂ ಆದ್ರೆ? ಇವರಿಗೆಲ್ಲ ಯಾರು ಬಂದು ಹೇಳ್ತಾರೆ?"

ನನಗೆ ಸಮಾಧಾನ ಹೇಳಲು ಬರುವುದಿಲ್ಲ. ದೇವರಿದ್ದಾನೆ ಎನ್ನೋಣವೆಂದರೆ ಹೋದ ಸಲವೂ ಆತ ಅಲ್ಲೇ ಇದ್ದ. ತೋಚಿದ್ದನ್ನು ಹೇಳಿದೆ.

"ಯಾರೂ ಹೇಳಬೇಕಿಲ್ಲಮ್ಮ. ನಮ್ಮ ಹೆಸರು ಇವರಿಗೆ ಗೊತ್ತಿಲ್ಲ, ಊರು ಗೊತ್ತಿಲ್ಲ. ನಮಗೇನೇ ಆಗಲಿ, ಇವರ ಪಾಡಿಗೆ ಇವರು ನಿನ್ನ ಮಗೂಗೆ ಖುಷಿಪಟ್ಕೊಂಡೇ ಇರ್ತಾರೆ. ಅಷ್ಟು ಜನ ಇದ್ದರೆ ಇರಲಿ ಬಿಡು."

ಅವಳು ಎದ್ದಳು. ಒಳಗೆ ಹೋಗಿ, ನಮಗೂ ದುಂಡನೆಯ ತಳವೇ ಸಾಕು ಎಂದಳು. ಮುದುಕಿ ಬೇಸರಿಸದೆ ಬದಲಿಸಿದಳು. ನಾನು ಹಿಡಿದೆ, ಸಿಂಧು ಹೆಣೆದಳು. ಬಿ.ಇ. ಓದಿದವಳು ಕೋನ ನೋಡಿ ನೋಡಿ ಹೆಣೆದ ಆ ಬುಟ್ಟಿ ವಾಲಿಕೊಂಡಿದೆ, ಈಗ ಈರುಳ್ಳಿಗೆ ಬಳಕೆಯಾಗುತ್ತಿದೆ. ನಾನು ಸರಿಯಾಗಿ ಹಿಡಿಯದೆ ಹಾಗಾಯಿತು ಎಂಬುದು ಅವಳ ವಾದ. ಆ ರಾತ್ರಿ ಇಬ್ಬರೂ ಒಂದೇ ಮಂಚದಲ್ಲಿ ಬೆನ್ನು ತಿರುಗಿಸಿ ಮಲಗಿದೆವು. ನಿಜವಾದ ಗಂಡ ಹೆಂಡತಿಯ ಹಾಗೆ ಎಂದುಕೊಂಡೆ, ಆದರೆ ಬಾಯಿ ಬಿಡಲಿಲ್ಲ.

ಹೊರಡುವ ದಿನದ ತಿಂಡಿಯ ಹೊತ್ತು. ಮನೆಯೊಡತಿ ದಿನವೂ ತಾನೇ ಹಸಿ ಹಾಲಿನಿಂದ ಮಾಡಿದ ಮೆತ್ತನೆಯ ಚೀಸು ತಂದಿಡುತ್ತಿದ್ದಳು, ಒದ್ದೆ ಕಾಲುಚೀಲದ ವಾಸನೆಯದು. ಬಸುರಿಯರು ಅದನ್ನು ತಿನ್ನಬಾರದಂತೆ. ಸಿಂಧು ದಿನವೂ ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿ ನನ್ನ ತಟ್ಟೆಗೆ ದಾಟಿಸುತ್ತಿದ್ದಳು. ಅವಳ ಗುಟ್ಟಿಗಾಗಿ ನಾನು ನುಂಗುತ್ತಿದ್ದೆ. ಆ ದಿನವೂ ಒಡತಿ ತುಂಡು ಕೊಯ್ದು ಅವಳ ಮುಂದೆ ಹಿಡಿದಳು. ನಾನು ತಟ್ಟೆ ಮುಂದೆ ಸರಿಸಿದೆ. ಸಿಂಧು ನನ್ನ ಕೈ ತಡೆದಳು. ತನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಒಡತಿಯ ಮುಖವನ್ನೇ ನೋಡುತ್ತಾ, "ಬೇಬಿ" ಎಂದಳು. ಮೆಲ್ಲಗೆ ಎಂದಳು, ಯಾರಾದರೂ ಬೈಯುತ್ತಾರೇನೋ ಎಂಬಂತೆ.

ಒಡತಿ ಚೀಸಿನ ತಟ್ಟೆಯನ್ನು ಹಾವು ಕಂಡವಳ ಹಾಗೆ ಎತ್ತಿಕೊಂಡು ಓಡಿದಳು. ಬೇಯಿಸಿದ ಮೊಟ್ಟೆ ತಂದಳು, ಹಿತ್ತಲಿನಿಂದ ಗಂಡನನ್ನು ಕೂಗಿ ಕರೆದು ಅವನಿಗೂ ಹೇಳಿದಳು. ಅವನು ಟೋಪಿ ತೆಗೆದ. ಸಿಂಧು ಎರಡು ಮೊಟ್ಟೆ ತಿಂದಳು. ವಾಪಸ್ ಬರುವಾಗ ವಿಮಾನ ನಿಲ್ದಾಣದಲ್ಲಿ ಒಂದು ಜೊತೆ ಕಾಲುಚೀಲ ಕೊಂಡಳು, ನನ್ನ ಹೆಬ್ಬೆರಳಿಗೆ ಸರಿಹೋಗುವ ಅಳತೆಯದು. ನಾನು ಕಂಡೂ ಕಾಣದವಳ ಹಾಗೆ ಹವಾಮಾನ ನೋಡಿದೆ.

ಊರಿಗೆ ಆಮೇಲೂ ಸುದ್ದಿ ಕೊಡಲಿಲ್ಲ. ಆದರೆ ಮನೆಯಲ್ಲಿ "ಆದ್ರೆ" ಹೋಗಿ "ಬಂದ್ಮೇಲೆ" ಎನ್ನತೊಡಗಿದಳು. ಅದಕ್ಕೇ ನಾನು ಸಾವಿರ ದೀಪ ಹಚ್ಚಿದಷ್ಟು ಸುಖಪಟ್ಟೆ.

ಇಷ್ಟು ಬರೆಯುವಷ್ಟರಲ್ಲಿ ಕುಕ್ಕರ್ ಕೂಗಿತು, ಎದ್ದೆ. ಈಗ ಊಟ ಮುಗಿಸಿ ಬಂದು ಉಳಿದದ್ದನ್ನು ಬರೆಯುತ್ತಿದ್ದೇನೆ. ಬಾಣಂತಿ ಬೇರೆ ಕೂತು ಉಣ್ಣಬೇಕೆಂಬ ಶಾಸ್ತ್ರ ನನಗೆ ಗೊತ್ತು, ಗೊತ್ತಿದ್ದೂ ಎಲ್ಲರನ್ನೂ ಒಂದೇ ಮೇಜಿಗೆ ಕೂರಿಸಿದೆ. ನಮಗೆ ಶ್ಯಾವಿಗೆ ಪಾಯಸ, ಅವಳಿಗೆ ಮೆಣಸಿನ ಸಾರು, ಬೆಳ್ಳುಳ್ಳಿ, ಬಿಸಿ ಅನ್ನಕ್ಕೆ ತುಪ್ಪ. ಮಗು ತಾತನ ತೊಡೆಯ ಮೇಲೆ. ಗಿರೀಶ ಎಲ್ಲರಿಗೂ ಒಟ್ಟಿಗೆ ಒಂದು ಮೆಸೇಜ್ ಹಾಕಿಬಿಡಲೇ ಎಂದು ಕೇಳಿದ. "ಬೇಡ. ಒಬ್ಬೊಬ್ಬರಿಗೂ ನಾನೇ ಹೇಳ್ತೀನಿ" ಎಂದಳು ಸಿಂಧು, ಫೋನ್ ಕೈಗೆತ್ತಿಕೊಂಡು. ಮೊದಲು ಯಾರಿಗೆ ಎಂದು ನನ್ನನ್ನೇ ಕೇಳಿದಳು.

ಊರಲ್ಲಿ ಆಗ ಸರಿಹೊತ್ತು. ಜಯಮ್ಮ ಆ ಹೊತ್ತಿನಲ್ಲಿ ಬಂದ ಫೋನಿಗೆ ಹೆದರಿಯೇ ಎತ್ತಿದಳು, ಹಲೋ ಕೂಡ ಅನ್ನದೆ ಕೇಳಿದಳು:

"ಯಾರು ಹೋದ್ರು?"

"ಯಾರೂ ಹೋಗಿಲ್ಲ ಚಿಕ್ಕತ್ತೆ" ಎಂದಳು ಸಿಂಧು. "ಬಂದಿದಾಳೆ."

ಆ ಕಡೆಯಿಂದ ಕೇಳಿಬಂದ ಕೂಗಿಗೆ ಮಗು ಬೆಚ್ಚಿಬಿತ್ತು. ಆಮೇಲೆ ಸಿಂಧು ನಿಲ್ಲಲಿಲ್ಲ. ಆಫೀಸಿನವರು, ಗೆಳತಿಯರು, ಹೋದ ವರ್ಷ ತರಕಾರಿ ಅಂಗಡಿಯಲ್ಲಿ ಕೇಳಿದವರು. ಎಲ್ಲರಿಗೂ ತೂಕ, ಕೂದಲು, ಮೂಗು ಮೊದಲಿನಿಂದ ಹೇಳುತ್ತಲೇ ಹೋದಳು. ಅನ್ನ ಆರುತ್ತಿತ್ತು. ಹೇಳುವುದಕ್ಕೂ ಉಣ್ಣುವುದಕ್ಕೂ ಇರುವುದು ಒಂದೇ ಬಾಯಿ. ನಾನು ಕುರ್ಚಿ ಎಳೆದುಕೊಂಡು ಪಕ್ಕ ಕೂತು, ಒಂದು ಫೋನ್ ಮುಗಿದು ಇನ್ನೊಂದು ಹತ್ತುವುದರೊಳಗೆ ಒಂದೊಂದು ತುತ್ತು ಇಡುತ್ತಾ ಹೋದೆ.