ಎರಡು ಸಲ ಸಾಯುವ ಪಾತ್ರ

೧೯೫೮ನೆಯ ಇಸವಿ. ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾನು ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ತಿರುಗುತ್ತಿದ್ದ ಒಂದು ನಾಟಕ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಕಲಿತದ್ದು ನಾಲ್ಕನೆಯ ಇಯತ್ತೆ. ಹಾಡಲು ಕಂಠವಿರಲಿಲ್ಲ, ರಾಜನ ಪಾತ್ರಕ್ಕೆ ಎತ್ತರವಿರಲಿಲ್ಲ. ಆದರೆ ಚಂದಾಗಿ ಬೀಳುತ್ತಿದ್ದೆ. ಹೀಗಾಗಿ ಮಾಲಕರು ನನಗೆ ಕೊಟ್ಟ ಹುದ್ದೆ ಒಂದೇ: ಸಾಯುವುದು. ಬಾಣ ನಟ್ಟು, ವಿಷ ಕುಡಿದು, ಹಾವು ಕಚ್ಚಿಸಿಕೊಂಡು, ನೇಣು ಹಾಕಿಕೊಂಡು ಸತ್ತಿದ್ದೇನೆ. ಬರೀ ಮುಪ್ಪಿನಿಂದ ಸಾಯುವ ಪಾತ್ರ ಮಾತ್ರ ಯಾವ ಮಾಲಕನೂ ಕೊಡಲಿಲ್ಲ. ಅದಕ್ಕೆ ಯಾರು ಚಪ್ಪಾಳೆ ಹೊಡೆಯುತ್ತಾರೆ?

ಈ ಮಾತು ಈಗ ಯಾಕೆ ಬಂತೆಂದರೆ, ನಾನು ಅಜ್ಜನಾಗಿದ್ದೇನೆ! ಮಗಳು ಹೆಣ್ಣು ಕೂಸು ಹಡೆದಿದ್ದಾಳೆ. ಮದುವೆಯಾಗಿ ಬಹಳ ವರ್ಷ ಕಾಯ್ದು ಕಾಯ್ದು ಬಂದ ಕೂಸು. ಕಂಡಕಂಡವರಿಗೆಲ್ಲ ಪೇಢೆ ಹಂಚಿದ್ದೇನೆ, ಗುರುತಿಲ್ಲದ ಬಸ್ ಕಂಡಕ್ಟರನ ಬಾಯಿಗೂ ಒಂದು ತುರುಕಿದ್ದೇನೆ. ಕೂಸಿನ ಹುಬ್ಬು ನಮ್ಮವ್ವನ ಹುಬ್ಬು. ಕಿವಿ ಮಾತ್ರ ಬೀಗರದು, ಇರಲಿ.

ತೊಟ್ಟಿಲು ಕಾರ್ಯದ ದಿನ ಮನೆ ತುಂಬ ಮಂದಿ. ಮೂಲೆಯಲ್ಲಿ ಟಿ.ವಿ. ಹಚ್ಚಿದ್ದರು. ಅದರೊಳಗೆ ಒಬ್ಬ ಗುಂಡು ಹಾರಿಸುತ್ತಿದ್ದ, ಮಂದಿ ಜೋಳದ ದಂಟಿನ ಹಾಗೆ ಉರುಳುತ್ತಿದ್ದರು. ಇತ್ತ ಹೋಳಿಗೆಗೆ ತುಪ್ಪ ಬೀಳುತ್ತಿತ್ತು. ಅಳಿಯ ನಗುತ್ತ, "ಮಾವಾರ, ನೀವೂ ಹಿಂಗ ಸಾಯತಿದ್ರಂತಲ್ಲ, ಒಮ್ಮೆ ಸತ್ತು ತೋರಸ್ರಿ" ಅಂದ. ಮೊಮ್ಮಗಳು ನನ್ನ ತೊಡೆಯ ಮೇಲಿದ್ದಳು. ಸಾಯಲು ಮನಸ್ಸಾಗಲಿಲ್ಲ. ಅದರ ಬದಲು ಒಂದು ನಾಟಕದ ಸಂಗತಿ ಹೇಳಿದೆ. ಇದನ್ನು ಬರೆದಿಡಿ ಎಂದವನೂ ಅಳಿಯನೇ.

ಆ ವರ್ಷ ನಮ್ಮ ಕಂಪನಿಗೆ ಮಂದಿ ಬರುವುದು ಕಡಿಮೆಯಾಗಿತ್ತು. ದೇವರ ನಾಟಕ ನೋಡಿ ನೋಡಿ ಬೇಸರಾಗಿದೆ ಎಂದು ಮಾಲಕರು ಹೇಳುತ್ತಿದ್ದರು. ಅದೇ ಹೊತ್ತಿಗೆ ಘಟಪ್ರಭೆಯ ಆಚೆ ದಂಡೆಯ ಹಳ್ಳಿಯೊಂದರಲ್ಲಿ ಒಂದು ಖೂನಿಯಾಗಿತ್ತು. ಒಬ್ಬ ಒಕ್ಕಲಿಗನನ್ನು ಅವನ ಕಾಕಾನ ಮಗನೇ ಕೊಂದಿದ್ದ. ಕೋರ್ಟಿನಲ್ಲಿ ಶಿಕ್ಷೆಯೂ ಆಗಿಹೋಗಿತ್ತು. ಮಾಲಕರು ಕಂಪನಿಯ ಮಾಸ್ತರರನ್ನು ಕೂಡಿಸಿಕೊಂಡು ಅದರ ಮೇಲೆ ನಾಟಕ ಬರೆಸಿದರು. ಹೆಸರುಗಳನ್ನು ಬದಲಿಸಿದರು. ಜೊತೆಗೆ ಇನ್ನೊಂದನ್ನೂ ಸೇರಿಸಿದರು. ಸತ್ತವನ ಹೆಂಡತಿಗೂ ಕೊಂದವನಿಗೂ ಒಳಗಿಂದೊಳಗೆ ಸಂಬಂಧವಿತ್ತು, ಹೆಂಡತಿಯೇ ಗಂಡನನ್ನು ಕೊಲ್ಲಿಸಿದಳು ಎಂದು. ಟಾಂಗಾದಲ್ಲಿ ತುತ್ತೂರಿ ಹಿಡಿದು ಊರೆಲ್ಲ ಕೂಗಿಸಿದರು: "ನಮ್ಮ ಸೀಮಿಯಾಗ ನಡದ ಖರೇ ಖೂನಿ! ಬರ್ರಿ, ನೋಡ್ರಿ!"

ಸಾಯುವವನು ನಾನು. ಕೊಲ್ಲುವವನು ಹಸನಸಾಬ. ಹೊರಗೆ ಇರುವೆಯನ್ನೂ ಬಳಸಿ ನಡೆಯುವ ಮನುಷ್ಯ, ಬಣ್ಣ ಹಚ್ಚಿದರೆ ಮಕ್ಕಳು ಹೆದರಿ ಅಳುತ್ತಿದ್ದವು. ನಮ್ಮ ರಕ್ತ ಹೇಗೆಂದರೆ, ಗಾಣದ ಮನೆಯಿಂದ ತಂದ ಕಾಕಂಬಿಗೆ ಕುಂಕುಮ ಕಲಸಿ, ಆಡಿನ ಉಚ್ಚೆಯ ಚೀಲವನ್ನು ತೊಳೆದು ಅದರೊಳಗೆ ತುಂಬಿ, ಅಂಗಿಯೊಳಗೆ ಹೊಟ್ಟೆಗೆ ಕಟ್ಟಿಕೊಳ್ಳುವುದು. ಹಸನಸಾಬನ ಮೊಂಡ ಚೂರಿ ಒತ್ತಿದ ಕೂಡಲೇ ಚೀಲ ಒಡೆದು ಹರಿಯುತ್ತಿತ್ತು. ನೋಡುವವರಿಗೆ ರಕ್ತ, ನನಗೆ ನೊಣದ ಕಾಟ.

ಗೋಕಾಕದಲ್ಲಿ ಮೊದಲ ಆಟ. ಕಂಪನಿ ನಾಟಕ ನೋಡಿದ ಹಳಬರಿಗೆ ಗೊತ್ತು, ಒಂದು ಹಾಡು ಮನಸ್ಸಿಗೆ ಹಿಡಿಸಿದರೆ ಮಂದಿ "ಒನ್ಸ್ ಮೋರ್" ಎಂದು ಕೂಗುತ್ತಿದ್ದರು. ಇಂಗ್ಲಿಷಿನ ಇನ್ನೊಂದು ಶಬ್ದ ಬಾರದವರಿಗೂ ಇದು ಬರುತ್ತಿತ್ತು. ಕೂಗಿದರೆ ಹಾಡನ್ನು ಮತ್ತೆ ಹಾಡಲೇಬೇಕು. ಅದು ಕಂಪನಿಯ ರಿವಾಜು. ಅಂದು ನಾನು ಚೂರಿ ತಿಂದು, ಹೊರಳಾಡಿ, ಒಂದು ಕೈ ಮೇಲೆತ್ತಿ ಸತ್ತೆ. ಆಮೇಲೆ ನೆಲದ ಮೇಲೆ ಕೂತವರಲ್ಲಿ ಯಾವನೋ ಚೇಷ್ಟೆಗೆ "ಒನ್ಸ್ ಮೋರ್!" ಎಂದ. ಇನ್ನೊಬ್ಬ ಎಂದ. ಆಮೇಲೆ ತಗಡಿನ ಗೋಡೆಗಳೇ ಕೂಗಿದ ಹಾಗಾಯಿತು. ಪಡದೆಯ ಮರೆಯಿಂದ ಮಾಲಕರು ಹಲ್ಲು ಕಡಿಯುತ್ತ, "ಏಳೋ ರಾಮ್ಯಾ, ಏಳು! ಮತ್ತೊಮ್ಮೆ ಸಾಯಿ!" ಅಂದರು.

ಎದ್ದೆ. ಹೆಣ ಎದ್ದದ್ದು ನೋಡಿ ಮಂದಿ ಬಿದ್ದು ಬಿದ್ದು ನಕ್ಕರು. ಆದರೆ ಹಸನಸಾಬ ಚೂರಿ ಎತ್ತಿದ ಕೂಡಲೇ ನಗು ನಿಂತಿತು. ಕಣ್ಣುಗಳು ದೊಡ್ಡವಾದವು. ನಗುವ ಮಂದಿ ಹಾಗೆ ಒಮ್ಮೆಲೇ ಹಸಿದ ಮಂದಿಯಾಗುವುದನ್ನು ನಾನು ವೇದಿಕೆಯ ಮೇಲಿನಿಂದಲೇ ಕಂಡೆ. ಅಂದಿನಿಂದ ದಿನಾ ಎರಡು ಚೀಲ ಕಟ್ಟಿಕೊಂಡೆ, ಬಲಕ್ಕೊಂದು, ಎಡಕ್ಕೊಂದು.

ಸುಗ್ಗಿ ಮುಗಿಯುವ ಹೊತ್ತಿಗೆ ಮೂಡಲಗಿಗೆ ಬಂದೆವು. ಒಂದು ದಿನ ಮುಂಜಾನೆ ಥಿಯೇಟರಿನ ಹಿಂದೆ ಕೂತು ಅಂಗಿಗೆ ಹತ್ತಿದ ಕಾಕಂಬಿ ತೊಳೆಯುತ್ತಿದ್ದೆ. ಒಬ್ಬ ಹೆಣ್ಣುಮಗಳು ಬಂದು ನಿಂತಳು. ಹಣೆ ಬರಿದು, ತಲೆಯ ಮೇಲೆ ಸೆರಗು. ಹಿಂದೆ ಲಗ್ನದ ವಯಸ್ಸಿನ ಹುಡುಗಿ.

"ಇಲ್ಲೆ ಸಾಯವ್ರು ಯಾರ್ರಿ?" ಎಂದು ಕೇಳಿದಳು.

"ನಾನ ರೀ ಯವ್ವಾ" ಅಂದೆ. ನಗು ಬಂದಿತ್ತು. ಅವಳು ನನ್ನ ಕೈಯ ಅಂಗಿಯನ್ನೇ ನೋಡುತ್ತಿದ್ದಳು, ಅದಕ್ಕೆ ನಗಲಿಲ್ಲ.

"ನಮ್ಮ ಮನಿಯವ್ರಿಗೆ ಹೊಟ್ಟಿಗೆ ಬಡದಿರಲಿಲ್ರಿ. ಇಲ್ಲಿ." ತನ್ನ ಕುತ್ತಿಗೆಯ ಹಿಂಭಾಗ ಮುಟ್ಟಿ ತೋರಿಸಿದಳು. "ಕೊಡ್ಲಿಲೆ. ಅವ್ರು ಹೊಲದಾಗ ಬಗ್ಗಿ ನೀರಿಗೆ ಮಡಿ ಕಟ್ಟಾಕತ್ತಿದ್ರು. ಯಾರು ಹೊಡದ್ರು ಅಂತ ನೋಡಾಕೂ ಆಗಲಿಲ್ಲ."

ಅವಳೇ ಸತ್ತವನ ಹೆಂಡತಿ, ಗೌರವ್ವ. ಹುಡುಗಿ ಮಗಳು, ನೀಲವ್ವ. ಅವರ ಹೊಲದ ಬಾವಿ ಇವರಿಗೂ ಆ ಕಾಕಾನ ಮಗನಿಗೂ ಕೂಡಿ ಇತ್ತಂತೆ. ಪಾಳಿಯ ಪ್ರಕಾರ ಒಂದು ದಿನ ಇವರ ನೀರು, ಒಂದು ದಿನ ಅವರ ನೀರು. ಬೇಸಿಗೆಯಲ್ಲಿ ಪಾಳಿ ತಪ್ಪಿತು, ಮಾತಿಗೆ ಮಾತು ಬೆಳೆಯಿತು, ಜೀವ ಹೋಯಿತು. ಬೇರೆ ಏನೂ ಇರಲಿಲ್ಲ. ಕೋರ್ಟಿನಲ್ಲಿಯೂ ಅದೇ ಹೊರಬಿದ್ದಿತ್ತು.

"ಮತ್ತ ಕೋರ್ಟ್ ಹೇಳೇತಲ್ಲ, ನೀವ್ಯಾಕ ಅಂಜತೀರಿ?" ಅಂದೆ.

"ಕೋರ್ಟಿಗೆ ಹತ್ತ ಮಂದಿ ಬಂದಿದ್ರು ಅಣ್ಣಾ. ನಿಮ್ಮ ಆಟಕ್ಕ ಊರಿಗೆ ಊರ ಬರತೈತಿ."

ನೀಲವ್ವನಿಗೆ ಕೊಣ್ಣೂರಿನ ಬಾಳಪ್ಪ ಎಂಬವನ ಮನೆಯಲ್ಲಿ ಸಂಬಂಧ ಗೊತ್ತಾಗಿತ್ತು. ಈಗ ಬಾಳಪ್ಪ ಹೇಳಿಕಳಿಸಿದ್ದ: ಸಂತೆಯ ದಿನ ಮಗನನ್ನು ಕರೆದುಕೊಂಡು ಮೂಡಲಗಿಗೆ ಬರುತ್ತೇನೆ, ಆ ನಾಟಕ ನೋಡುತ್ತೇನೆ, ಆಮೇಲೆ ಮಾತು. ತಾಯಿ ಎಂಥವಳು ಎಂಬುದನ್ನು ನಮ್ಮ ನಾಟಕ ನೋಡಿ ತೀರ್ಮಾನಿಸುವವನಿದ್ದ!

ಅವರನ್ನು ಮಾಲಕರ ಹತ್ತಿರ ಕರೆದುಕೊಂಡು ಹೋದೆ. ಮಾಲಕರು ಕೆಟ್ಟವರಲ್ಲ, ಚಹಾ ತರಿಸಿದರು. ಆದರೆ ಮಾತು ಬಿಟ್ಟುಕೊಡಲಿಲ್ಲ. "ಯವ್ವಾ, ಆಟದಾಗ ಹೆಸರು ಬ್ಯಾರೆ ಐತಿ. ನೀ ಯಾಕ ಮೈಮ್ಯಾಲೆ ಹಾಕ್ಕೋತಿ?"

"ನಿಮ್ಮ ಟಾಂಗಾದಾಗ ಖರೇ ಖೂನಿ ಅಂತ ಒದರತಾರಲ್ರಿ. ಹಂಗಾರ ಬಾವಿ ಪಾಳಿ ಅಂತ ತೋರಸ್ರಿ."

"ಬಾವಿ ನೀರಿನ ಜಗಳ ಮಂದಿ ದಿನಾ ತಮ್ಮ ಹೊಲದಾಗ ನೋಡತಾರ ಯವ್ವಾ. ಅದನ್ನ ನೋಡಾಕ ಇಲ್ಲಿಗ್ಯಾಕ ಬರತಾರ?" ಎಂದರು ಮಾಲಕರು. ಗೌರವ್ವ ಚಹಾ ಮುಟ್ಟದೆ ಎದ್ದಳು.

ಸಂತೆಯ ದಿನ ಹಳ್ಳಿಯವರಿಗೆಂದು ಮಧ್ಯಾಹ್ನವೇ ಆಟ. ಬಣ್ಣ ಹಚ್ಚಿಕೊಳ್ಳುವಾಗ ಹಸನಸಾಬನಿಗೆ ಹೇಳಿದೆ: "ಎರಡನೇ ಸಲ ಎದ್ದಾಗ ಸ್ವಲ್ಪ ತಡಿ, ಚೂರಿ ಹಾಕಬ್ಯಾಡ. ನನಗೊಂದಿಷ್ಟು ಮಾತು ಅದಾವು."

"ಹೆಣಕ್ಕೇನ ಮಾತೋ ನಿನಗ? ಮಾಲಕರು ನಮ್ಮಿಬ್ಬರನ್ನೂ ಖರೇನ ಕೊಲ್ಲತಾರ ನೋಡು" ಎಂದ. ಆದರೂ ತಲೆಯಾಡಿಸಿದ.

ಕುರ್ಚಿಯ ಸಾಲಿನಲ್ಲಿ ಹಳದಿ ರುಮಾಲಿನ ಬಾಳಪ್ಪ, ಬಾಜೂಕ್ಕೆ ಅವನ ಮಗ. ಹೆಣ್ಣುಮಕ್ಕಳ ಕಡೆ ಗೌರವ್ವ, ನೀಲವ್ವ. ನಾನು ಚೂರಿ ತಿಂದು ಬಿದ್ದೆ. ಅರ್ಧ ಕಣ್ಣು ಮುಚ್ಚಿ ನೋಡಿದೆ. "ಒನ್ಸ್ ಮೋರ್" ಶುರುವಾಯಿತು. ಬಾಳಪ್ಪ ತೊಡೆ ತಟ್ಟುತ್ತಿದ್ದ. ಅವನ ಮಗ ಬಾಯಲ್ಲಿ ಬೆರಳಿಟ್ಟು ಸೀಟಿ ಹೊಡೆದ, ಆಮೇಲೆ ಎಲ್ಲರಿಗಿಂತ ಜೋರಾಗಿ ಕೂಗಿದ.

ಎದ್ದೆ. ಎಂದಿನಂತೆ ನಕ್ಕರು. ಹಸನಸಾಬ ಚೂರಿ ಎತ್ತಿ ಹಾಗೇ ನಿಂತ. ನಾನು ಮಂದಿಯ ಕಡೆ ತಿರುಗಿ ಕೈ ಮುಗಿದೆ.

"ನಾ ಸತ್ತಾಂವ. ಸತ್ತಾಂವ ಸುಳ್ಳು ಹೇಳಿ ಗಳಸೂದು ಏನೂ ಇಲ್ಲ. ನನ್ನ ಹೇಣತಿ ಮ್ಯಾಲೆ ಈ ಆಟದಾಗ ಹಾಕಿದ್ದು ಸುಳ್ಳು. ನಮ್ಮದು ಬಾವಿ ಪಾಳಿ ಜಗಳ. ಆಕಿ ಅವತ್ತು ಹೊಲಕ್ಕ ನನಗ ಬುತ್ತಿ ತರಾಕತ್ತಿದ್ದಳು. ಬುತ್ತಿ ಬರೂದರಾಗ ನಾ ಇರಲಿಲ್ಲ."

ಬುತ್ತಿಯ ಮಾತು ಗೌರವ್ವ ಹೇಳಿದ್ದಲ್ಲ. ಒಕ್ಕಲಿಗರ ಮನೆಯಲ್ಲಿ ಆ ಹೊತ್ತಿಗೆ ಹೆಂಡತಿ ಬೇರೆ ಏನು ಮಾಡುತ್ತಿರುತ್ತಾಳೆ? ಬಾಯಿಗೆ ತಾನಾಗಿ ಬಂತು. ಹೆಣ್ಣುಮಕ್ಕಳ ಕಡೆಯಿಂದ ಯಾರೋ ಬಿಕ್ಕಿದ್ದು ಕೇಳಿಸಿತು. ಥಿಯೇಟರು ಪೂರ್ತಿ ತಣ್ಣಗಾಗಿತ್ತು. ಆಗ ಹಿಂದಿನಿಂದ ಒಬ್ಬ ಕೂಗಿದ: "ಆತಲ್ಲ, ಇನ್ನ ಸಾಯೋ ಮಾರಾಯಾ!"

ಮತ್ತೆ ನಗು, ಮತ್ತೆ ಸೀಟಿ. "ಹಾಕೋ ಚೂರಿ, ಹಾಕೋ!" ಹಸನಸಾಬ ನನ್ನ ಮುಖ ನೋಡಿದ. ಕಣ್ಣಲ್ಲಿ ನೀರಿತ್ತು. ಚೂರಿ ಒತ್ತಿದ. ಎಡಗಡೆಯ ಚೀಲ ಒಡೆಯಿತು. ಅಷ್ಟು ಚಪ್ಪಾಳೆ ನನಗೆ ಎಂದೂ ಬಿದ್ದಿರಲಿಲ್ಲ.

ಒಳಗೆ ಬಂದಾಗ ಮಾಲಕರು ಹೊಡೆಯುತ್ತಾರೆ ಎಂದುಕೊಂಡೆ. ಅವರು ಬೆನ್ನು ಚಪ್ಪರಿಸಿದರು! "ನಾ ಸತ್ತಾಂವ ಅಂತ ಎದ್ದು ಹೇಳಿದ್ದು ಭಾರೀ ಆತಲೇ ರಾಮ್ಯಾ. ನಾಳಿಂದ ಅದು ಇರಲಿ. ಹೇಣತಿ ಮಾತು, ಬಾವಿ ಮಾತು ತಗದಬಿಡು."

ಹೊತ್ತು ಮುಳುಗುವ ಮುಂಚೆ ಥಿಯೇಟರಿನ ಹಿಂದೆ ಬಾಳಪ್ಪ ಬಂದ. ಗೌರವ್ವ, ನೀಲವ್ವ ಅಲ್ಲೇ ಇದ್ದರು. ನಾನಿನ್ನೂ ಅಂಗಿ ಬಿಚ್ಚಿರಲಿಲ್ಲ.

"ಸತ್ತಾಂವನ ಎದ್ದು ಹೇಳಿದ ಮ್ಯಾಲೆ ಇನ್ನೇನು ಐತ್ರಿ ಯವ್ವಾ?" ಎಂದ ಬಾಳಪ್ಪ ದೊಡ್ಡ ದನಿಯಲ್ಲಿ. "ನಮ್ಮ ಮನಸಿನಾಗಿಂದು ಹೋತು. ಬರೂ ತಿಂಗಳ ಅಕ್ಷತಾ ಹಾಕೂಣು."

ಗೌರವ್ವ ನನ್ನ ಎರಡೂ ಕೈ ಹಿಡಿದು ಅಳತೊಡಗಿದಳು. ಕಾಕಂಬಿಯ ಅಂಟು ಅವಳ ಕೈಗೂ ಹತ್ತಿತು. ನನಗೆ ಆ ಕ್ಷಣ ರಾಜನ ಪಾತ್ರ ಸಿಕ್ಕಷ್ಟು ಸಂತೋಷ. ಆಗ ನೀಲವ್ವ ಮೊದಲ ಸಲ ಬಾಯಿ ತೆರೆದಳು. ಕೇಳಿದ್ದು ಬಾಳಪ್ಪನ ಮಗನನ್ನು.

"ಒನ್ಸ್ ಮೋರ್ ಅಂದವ್ರಾಗ ನೀವೂ ಇದ್ರಿ, ಅಲ್ಲೇನ್ರಿ?"

ಅವನು ನಕ್ಕ. "ಎಲ್ಲಾರೂ ಅಂದ್ರು, ನಾನೂ ಅಂದೆ. ನಾಟಕ ಅಲ್ಲೇನು ಅದು?"

"ನಮ್ಮಪ್ಪ ಸಾಯೂದು ನಾಟಕ. ನಮ್ಮವ್ವ ಕೆಟ್ಟಾಕಿ ಅನ್ನೂದು ಮಾತ್ರ ಖರೆ ಅನಸಿತ್ತಲ್ಲ ನಿಮಗ."

"ನಾ ಈ ಮನಿಗೆ ಬರೂದಿಲ್ಲವ್ವಾ" ಎಂದಳು, ಈಗ ತಾಯಿಗೆ. ದನಿ ಏರಲಿಲ್ಲ.

"ಬಾಯಿ ಮುಚ್ಚ! ಹುಚ್ಚಗಿಚ್ಚ ಹಿಡದೈತೇನು ನಿನಗ?" ಗೌರವ್ವ ಮಗಳ ಬೆನ್ನಿಗೆ ಒಂದು ಗುದ್ದಿದಳು. ಬಾಳಪ್ಪನ ಕಡೆ ತಿರುಗಿ ಸೆರಗೊಡ್ಡಿದಳು. ಬಾಳಪ್ಪ ರುಮಾಲು ಸರಿಮಾಡಿಕೊಂಡು, "ಹುಡುಗಿ ನಾಲಿಗಿ ಉದ್ದ ಐತಿ" ಎಂದು ಮಗನ ತೋಳು ಹಿಡಿದು ನಡೆದುಬಿಟ್ಟ. ಹುಡುಗ ಮಾತ್ರ ತಿರುತಿರುಗಿ ನೋಡುತ್ತ ಹೋದ. ತಾನು ಮಾಡಿದ್ದೇನು ಎಂದು ಅವನಿಗೆ ಖರೆಯಾಗಿಯೂ ತಿಳಿದಿರಲಿಲ್ಲ.

ಗೌರವ್ವ ನೆಲಕ್ಕೆ ಕೂತಳು. "ನೀವು ನಿಮ್ಮ ಕಡಿಂದ ಆಗೂದು ಮಾಡಿದ್ರಿ ಅಣ್ಣಾ. ಇಕಿನ್ನ ನಾ ಎಲ್ಲಿ ಕೊಡ್ಲಿ ಇನ್ನ?" ಎಂದಳು. ತುಕ್ಕಾನಟ್ಟಿಯ ಕಡೆ ಹೊರಟ ಸಂತೆಯ ಚಕ್ಕಡಿಯೊಂದರಲ್ಲಿ ಇಬ್ಬರೂ ಹತ್ತಿ ಹೋದರು. ನೀಲವ್ವ ತಾಯಿಯ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಿದ್ದಳು. ಅವಳ ಲಗ್ನ ಆಯಿತೋ, ಎಲ್ಲಿ ಆಯಿತೋ, ನನಗೆ ಎಂದೂ ತಿಳಿಯಲಿಲ್ಲ. ಕೇಳಿಕೊಂಡು ಹೋಗಲು ಧೈರ್ಯವಾಗಲಿಲ್ಲ ಅನ್ನುವುದಕ್ಕಿಂತ, ಯಾವ ಮುಖದಿಂದ ಹೋಗಲಿ, ಸತ್ತ ಗಂಡನ ಮುಖದಿಂದಲೇ?

ಮುಂದಿನ ಮುಕ್ಕಾಮು ಹುಕ್ಕೇರಿ. ಟಾಂಗಾ ಮತ್ತೆ ಖರೇ ಖೂನಿ ಎಂದು ಕೂಗುತ್ತ ತಿರುಗಿತು. ಥಿಯೇಟರು ತುಂಬಿತು. ಅಂದು ನಾನು ಬಲಗಡೆ ಒಂದೇ ಚೀಲ ಕಟ್ಟಿಕೊಂಡೆ. ಚೂರಿ ಬಿತ್ತು, ಸತ್ತೆ. ಒನ್ಸ್ ಮೋರ್ ಬಂತು. "ಏಳೋ!" ಎಂದರು ಮಾಲಕರು. ಏಳಲಿಲ್ಲ. "ಏಳಲೇ, ನಿನ್ನ..." ಎಂದರು. ಏಳಲಿಲ್ಲ. ಮಂದಿ ಕೂಗಿದರು, ಬೈದರು, ಒಂದು ಚಪ್ಪಲಿ ಬಂದು ನನ್ನ ಮೊಣಕಾಲಿಗೆ ತಾಗಿತು. ಹಸನಸಾಬ ಚೂರಿ ಕೆಳಗಿಟ್ಟು, ಪಾತ್ರ ಬಿಟ್ಟು, ನನ್ನ ಮೈಮೇಲೆ ತನ್ನ ಶಾಲು ಹೊದಿಸಿದ. ಕೂಗು ಒಂದೊಂದಾಗಿ ಇಳಿಯಿತು. ನೊಣ ಮುಖದ ಮೇಲೆ ಕೂತಿತ್ತು, ಅಲುಗಾಡಲಿಲ್ಲ. ಪಡದೆ ಬೀಳುವವರೆಗೂ ಹೆಣವಾಗಿಯೇ ಇದ್ದೆ. ನಾನು ಅತಿ ಚಂದಾಗಿ ಸತ್ತದ್ದು ಅಂದೇ.

ಮರುದಿನ ಮಾಲಕರು ಲೆಕ್ಕ ಚುಕ್ತಾ ಮಾಡಿ ಕಳಿಸಿದರು. ಆಮೇಲೆ ಬೇರೆ ಕಂಪನಿಗಳಲ್ಲಿ ಬಹಳ ವರ್ಷ ಸತ್ತೆ. ಹೊಟ್ಟೆಪಾಡು, ಬೇರೆ ವಿದ್ಯೆ ಬರುತ್ತಿರಲಿಲ್ಲ. ಸೇರುವ ಮುಂಚೆ ಮಾತ್ರ ಒಂದು ಕರಾರು ಹಾಕುತ್ತಿದ್ದೆ: ಪಗಾರ ಕಡಿಮೆ ಕೊಟ್ಟರೂ ನಡೆದೀತು, ಒಂದು ಆಟಕ್ಕೆ ಒಂದೇ ಸಲ ಸಾಯುತ್ತೇನೆ. ಮಾಲಕರು ನಗುತ್ತಿದ್ದರು. ಒಬ್ಬರು ಮಾತ್ರ ಯಾಕೆಂದು ಕೇಳಿದರು.

"ಸತ್ತಾಂವಗ ಮಗಳಿರತಾಳ ರೀ" ಅಂದೆ. "ಮಂದ್ಯಾಗ ಎಲ್ಲೋ ಕುಂತಿರತಾಳ."